ಪವರ್ ಟೂಲ್ ಇಡುವುದಕ್ಕೆ ಕಡಿಮೆ ಖರ್ಚಿನಲ್ಲಿ ಸ್ಟ್ಯಾಂಡ್, ಕ್ಯಾಬಿನೆಟ್: ನೀವು ಹೇಗೆ ಮಾಡಿಕೊಂಡಿದ್ದೀರಿ?

ಹೊಸಗೈ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಬ್ಯಾಟರಿ ಡ್ರಿಲ್, ಒಂದು ಇಂಪ್ಯಾಕ್ಟ್ ಡ್ರೈವರ್, ನಾಲ್ಕಿಂಚಿನ ಗ್ರೈಂಡರ್, ಏಳಿಂಚಿನ ಸರ್ಕ್ಯುಲರ್ ಸಾ, ಜಿಗ್‌ಸಾ, ಸಣ್ಣ ರೂಟರ್ (ಮರದಲ್ಲಿ ತೋಡು ತೆಗೆಯುವ ಮಷಿನ್), ಸ್ಯಾಂಡರ್ ಇವೆ. ಎಲ್ಲವೂ ಒಂದೇ ಟೇಬಲ್ ಮೇಲೆ ಬಿದ್ದಿರುತ್ತವೆ. ಒಂದರ ವೈರ್ ಎಳೆದರೆ ಇನ್ನೆರಡು ಜೊತೆಗೆ ಬರುತ್ತವೆ. ಕೆಲಸ ಶುರು ಮಾಡುವ ಮೊದಲು ಟೇಬಲ್ ಖಾಲಿ ಮಾಡುವುದೇ ದೊಡ್ಡ ಕೆಲಸ.

ರೆಡಿಮೇಡ್ ಕ್ಯಾಬಿನೆಟ್ ತಗೊಳ್ಳುವ ಯೋಚನೆ ಇಲ್ಲ. ಆ ದುಡ್ಡಿಗೆ ಇನ್ನೊಂದು ಟೂಲೇ ಬರುತ್ತೆ ಅಲ್ವಾ? ಹಳೆ ಕೆಲಸಗಳಲ್ಲಿ ಉಳಿದ 12 ಎಂಎಂ ಪ್ಲೈ ತುಂಡುಗಳು ಸಾಕಷ್ಟಿವೆ, 18 ಎಂಎಂ ಸ್ವಲ್ಪ ಇದೆ. ಬಾಗಿಲು ಕಿತ್ತುಹೋದ ಒಂದು ಪಾರ್ಟಿಕಲ್ ಬೋರ್ಡ್ ಬೀರು ಕೂಡ ಇದೆ. ಅಳತೆಗೆ ಕುಯ್ಯುವುದು, ಸ್ಕ್ರೂ ಹಾಕುವುದು ಬರುತ್ತೆ. ಡವ್‌ಟೇಲ್ ಗಿವ್‌ಟೇಲ್ ಅಂತ ಮರಕ್ಕೆ ಮರ ಕಚ್ಚಿಸುವ ಜೋಡಣೆ ಎಲ್ಲ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಮೂಲೆಮಟ್ಟ

ಡ್ರಿಲ್ ಸ್ಟ್ಯಾಂಡಿನಿಂದ ಶುರು ಮಾಡಿ. ಅರ್ಧ ದಿನದ ಕೆಲಸ, ಬರೀ ತುಂಡು ಪ್ಲೈ ಸಾಕು.

30 ಸೆಂ.ಮೀ. ಆಳದ ಒಂದು ಹಲಗೆ ತಗೊಳ್ಳಿ. ಮುಂದಿನ ಅಂಚಿನಿಂದ ಒಳಕ್ಕೆ ಉದ್ದ ಸೀಳು ಹೊಡೆಯಿರಿ. ಡ್ರಿಲ್ಲಿನ ಹಿಡಿ ಆ ಸೀಳಿನೊಳಗೆ ಜಾರಿ ಹೋಗುತ್ತೆ, ಮೋಟಾರಿನ ಭಾಗ ಹಲಗೆ ಮೇಲೆ ಕೂರುತ್ತೆ, ಬ್ಯಾಟರಿ ಕೆಳಗೆ ನೇತಾಡುತ್ತೆ. ಹಿಡಿಯ ದಪ್ಪ ಸಾಮಾನ್ಯವಾಗಿ 35ರಿಂದ 40 ಎಂಎಂ ಇರುತ್ತೆ. ಆದರೂ ನಿಮ್ಮ ಡ್ರಿಲ್ಲನ್ನೇ ಅಳೆಯಿರಿ, ಅದಕ್ಕಿಂತ 5 ಎಂಎಂ ಅಗಲ ಬಿಡಿ. ಸೀಳು ಮೋಟಾರಿಗಿಂತ ಕಿರಿದಾಗಿರಬೇಕು ಅನ್ನುವುದೊಂದೇ ನಿಯಮ.

ಸೀಳು ಎಲ್ಲಿ ಮುಗಿಯಬೇಕೋ ಅಲ್ಲಿ ಮೊದಲು ಹೋಲ್ ಸಾ ಹಾಕಿ ಒಂದು ದುಂಡು ತೂತು ತೆಗೆಯಿರಿ. ಆಮೇಲೆ ಮುಂದಿನಿಂದ ಜಿಗ್‌ಸಾದಲ್ಲಿ ಎರಡು ನೇರ ಗೆರೆ ಕುಯ್ದರೆ ತುಂಡು ತಾನಾಗಿ ಉದುರುತ್ತೆ. ಬಾಯಿ ಹತ್ತಿರದ ಎರಡು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಕಣ್ಣು ಮುಚ್ಚಿ ಇಟ್ಟರೂ ಡ್ರಿಲ್ ಒಳಗೆ ಹೋಗುತ್ತೆ. ಒಂದು ಸೀಳಿನ ನಡುವಿನಿಂದ ಇನ್ನೊಂದರ ನಡುವಿಗೆ ಕನಿಷ್ಠ 10 ಸೆಂ.ಮೀ. ಬಿಡಿ. ಹಿಡಿ ಸಣ್ಣದು, ಕೆಳಗಿನ ಬ್ಯಾಟರಿ ಅಗಲ. ಎಷ್ಟೋ ಜನ ಹಿಡಿ ನೋಡಿ ಅಳತೆ ಹಾಕುತ್ತಾರೆ, ಆಮೇಲೆ ಬ್ಯಾಟರಿಗೆ ಬ್ಯಾಟರಿ ಢಿಕ್ಕಿ ಹೊಡೆಯುತ್ತೆ.

ಪುಡಿಮರ

ಇದಕ್ಕೆ ಒಂದು ಸೇರಿಸುತ್ತೇನೆ. ಸೀಳು ಹೊಡೆದ ಮೇಲೆ ಹಲಗೆಯ ಮುಂಭಾಗದಲ್ಲಿ ಬಲವೇ ಉಳಿಯಲ್ಲ, ಹಿಂದಿನ ಪಟ್ಟಿಯೊಂದೇ ಭಾರ ಹೊರುತ್ತೆ. ಹಾಗಾಗಿ ಹಿಂದಿನ ಅಂಚನ್ನು ಒಂದು ನಿಂತ ಹಲಗೆಗೆ ಉದ್ದಕ್ಕೂ ಅಂಟು ಹಾಕಿ ಸ್ಕ್ರೂ ಮಾಡಿ. 12 ಎಂಎಂ ಪ್ಲೈ ಅಂಚಿಗೆ ನೇರವಾಗಿ ಸ್ಕ್ರೂ ಬಿಟ್ಟರೆ ಪದರ ಬಿರಿಯುತ್ತೆ. ಮೊದಲು ಸಣ್ಣ ತೂತು, ಆಮೇಲೆ ಸ್ಕ್ರೂ. ಇಲ್ಲದಿದ್ದರೆ ಮೂಲೆಯಲ್ಲಿ ಒಂದು ರೀಪರ್ (ಸಣ್ಣ ಮರದ ಪಟ್ಟಿ) ಕೊಟ್ಟು ಎರಡೂ ಹಲಗೆಗಳನ್ನು ಅದಕ್ಕೇ ಹೊಡೆಯಿರಿ. ನೋಡುವುದಕ್ಕೆ ಚೆಂದ ಇರಲ್ಲ, ಆದರೆ ಅಲುಗಾಡಲ್ಲ.

ರಜೆಕಾರ್ಪೆಂಟರ್

ಇಷ್ಟೆಲ್ಲ ಯಾಕೆ ಸಾರ್? ಸುಮ್ನೆ ಟೂಲ್ ಜೊತೆ ಬಂದ ಡಬ್ಬಿಯಲ್ಲೇ ಇಡಿ. ಧೂಳು ಕೂರಲ್ಲ, ಒಂದರ ಮೇಲೊಂದು ಪೇರಿಸಬಹುದು, ಖರ್ಚು ಸೊನ್ನೆ.

ತೋಪಡ

ರಜೆ ದಿನ ಮಾತ್ರ ಕೆಲಸ ಮಾಡುವವರಿಗೆ ಅದೇ ಸರಿ, ಒಪ್ಪುತ್ತೇನೆ. ಆದರೆ ಬೇಕಾದ ಡಬ್ಬಿ ಯಾವಾಗಲೂ ಅಡಿಯಲ್ಲೇ ಇರುತ್ತೆ. ತೆಗೆಯುವುದು ಕಷ್ಟ ಅಂತ ಜನ ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಮುಗಿಸುತ್ತಾರೆ. ಜಿಗ್‌ಸಾ ಬೇಕಾದ ಕಡೆ ಗ್ರೈಂಡರ್ ಹಿಡಿಯುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿ.

ಹೊಸಗೈ ಅವರೇ, ಅಳತೆ ಪಟ್ಟಿ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಒಂದೆರಡು ವಾರ ಯಾವ ಟೂಲ್ ಎಷ್ಟು ಸಲ ಕೈಗೆ ಬರುತ್ತೆ ಅಂತ ಗಮನಿಸಿ. ದಿನಾ ಬೇಕಾದ್ದು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ವಾರಕ್ಕೊಮ್ಮೆ ಬೇಕಾದ್ದು ಕೆಳಗಿನ ಖಾನೆಗೆ. ಅಪರೂಪಕ್ಕೆ ಬೇಕಾದ್ದು ಡಬ್ಬಿಯಲ್ಲೇ ಮೇಲಿರಲಿ, ರಜೆಕಾರ್ಪೆಂಟರ್ ಹೇಳಿದ ಹಾಗೆ. ತೂಕದ್ದು ಮಾತ್ರ ತಲೆಗಿಂತ ಮೇಲೆ ಬೇಡವೇ ಬೇಡ. ಏಳಿಂಚಿನ ಸಾ ಹತ್ತಿರ ಹತ್ತಿರ 4 ಕೆ.ಜಿ. ಇರುತ್ತೆ. ಕೈ ಚಾಚಿ ತಲೆ ಮೇಲಿಂದ ಇಳಿಸುವ ವಸ್ತು ಅಲ್ಲ ಅದು.

ಇನ್ನೊಂದು. ಟೂಲಿಗೆ ಮಾತ್ರ ಜಾಗ ಮಾಡಿದರೆ ಸಾಲದು. ಗ್ರೈಂಡರಿನ ಸ್ಪ್ಯಾನರ್ ಎಲ್ಲಿ? ರೂಟರಿನ ಬಿಟ್ ಹಿಡಿಯುವ ಕಾಲೆಟ್ ಎಲ್ಲಿ? ಜಿಗ್‌ಸಾ ಬ್ಲೇಡ್ ಎಲ್ಲಿ? ಇವು ಟೂಲಿನ ಪಕ್ಕದಲ್ಲೇ ಇರಬೇಕು. ಸ್ಪ್ಯಾನರ್ ಹುಡುಕುವುದರಲ್ಲಿ ಕಳೆಯುವ ಹೊತ್ತು ಡಿಸ್ಕ್ ಬದಲಾಯಿಸುವುದಕ್ಕೆ ಹಿಡಿಯುವ ಹೊತ್ತಿಗಿಂತ ಜಾಸ್ತಿ.

ಅರ್ಧಇಂಚು

ಗೋಡೆ ಖಾಲಿ ಇದ್ದರೆ ಫ್ರೆಂಚ್ ಕ್ಲೀಟ್ ಮಾಡಿ, ಬೇರೆ ಯೋಚನೆಯೇ ಬೇಡ. 18 ಎಂಎಂ ಪ್ಲೈನ 15 ಸೆಂ.ಮೀ. ಅಗಲದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಲ್ಲಿ ಸೀಳಿ. ಒಂದು ತುಂಡು ಗೋಡೆಗೆ, ಅದರ ಓರೆ ಅಂಚು ಮೇಲ್ಗಡೆ ಬಂದು ಗೋಡೆಯ ಕಡೆಗೆ ಇಳಿಜಾರಾಗಿರಬೇಕು. ಇನ್ನೊಂದು ತುಂಡು ಸ್ಟ್ಯಾಂಡಿನ ಬೆನ್ನಿಗೆ, ತಲೆಕೆಳಗಾಗಿ. ಒಂದರ ಮೇಲೊಂದು ಕೂತರೆ ಭಾರ ಜಾಸ್ತಿಯಾದಷ್ಟೂ ಗೋಡೆಗೆ ಒತ್ತಿ ಕೂರುತ್ತೆ. ಗೋಡೆ ತುಂಬ 20–25 ಸೆಂ.ಮೀ.ಗೆ ಒಂದರಂತೆ ಪಟ್ಟಿ ಹೊಡೆದುಬಿಟ್ಟರೆ ಆಮೇಲೆ ಯಾವ ಸ್ಟ್ಯಾಂಡನ್ನು ಎಲ್ಲಿ ಬೇಕಾದರೂ ಎತ್ತಿ ಹಾಕಬಹುದು. ಹೊಸ ಟೂಲ್ ಬಂದರೆ ಅದಕ್ಕೊಂದು ಹೊಸ ಸ್ಟ್ಯಾಂಡ್, ಅಷ್ಟೇ. ಹಳೆಯದನ್ನು ಒಡೆಯಬೇಕಿಲ್ಲ.

ಮೂಲೆಮಟ್ಟ

ಕ್ಲೀಟ್ ಒಳ್ಳೆಯದೇ. ಆದರೆ "ಬೇರೆ ಯೋಚನೆಯೇ ಬೇಡ" ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು. ಕ್ಲೀಟ್ ಬಲ ಇರುವುದು ಗೋಡೆಯಲ್ಲಿ. ಗಾರೆ ಪುಡಿಪುಡಿ ಉದುರುವ ಗೋಡೆಗೆ 8 ಎಂಎಂ ತೂತು ಹೊಡೆದು ರಾವಲ್ ಪ್ಲಗ್ ತುರುಕಿದರೆ ಪ್ಲಗ್ಗೇ ತಿರುಗುತ್ತೆ. ಸ್ಕ್ರೂ ಗಾರೆ ದಾಟಿ ಇಟ್ಟಿಗೆಯನ್ನೋ ಕಾಂಕ್ರೀಟನ್ನೋ ಹಿಡಿಯಬೇಕು. ಗಾರೆ 15–20 ಎಂಎಂ, ಪಟ್ಟಿ 18 ಎಂಎಂ. ಅಂದರೆ 50 ಎಂಎಂ ಸ್ಕ್ರೂನಲ್ಲಿ ಇಟ್ಟಿಗೆಗೆ ಸಿಗುವುದು ತೀರಾ ಕಡಿಮೆ. 75 ಎಂಎಂ ಹಾಕಿ.

ಎರಡನೆಯದು, ಸ್ಟ್ಯಾಂಡ್ ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚುತ್ತೆ ಅನ್ನುವುದು. 10 ಕೆ.ಜಿ. ಭಾರದ ಪೆಟ್ಟಿಗೆ, ಆಳ 30 ಸೆಂ.ಮೀ. ಅಂತಿಟ್ಟುಕೊಳ್ಳಿ. ಭಾರದ ನಡು ಗೋಡೆಯಿಂದ 15 ಸೆಂ.ಮೀ. ಆಚೆ. ಬೆನ್ನಿನ ಹಲಗೆ 30 ಸೆಂ.ಮೀ. ಎತ್ತರ ಇದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 5 ಕೆ.ಜಿ. ಬೆನ್ನು ಬರೀ 15 ಸೆಂ.ಮೀ. ಇದ್ದರೆ ಅದೇ ಬಲ 10 ಕೆ.ಜಿ. ಆಗುತ್ತೆ. ಹಾಗಾಗಿ ಕ್ಲೀಟಿಗೆ ತೂಗುಹಾಕುವ ಯಾವುದಕ್ಕೂ ಬೆನ್ನು ಉದ್ದವಾಗಿರಲಿ. ಬೆನ್ನಿನ ಕೆಳತುದಿಗೆ ಪಟ್ಟಿಯಷ್ಟೇ ದಪ್ಪದ ಒಂದು ತುಂಡು ಅಂಟಿಸಿ, ಇಲ್ಲದಿದ್ದರೆ ಸ್ಟ್ಯಾಂಡಿನ ಕೆಳಭಾಗ ಗೋಡೆ ಕಡೆ ವಾಲಿ ನಿಲ್ಲುತ್ತೆ.

ಅರ್ಧಇಂಚು

ಒಪ್ಪಿದೆ ಗುರುವೇ. ನನ್ನದು ಕಾಂಕ್ರೀಟ್ ಗೋಡೆ, ಅದಕ್ಕೇ ಧೈರ್ಯ ಜಾಸ್ತಿ. ಗೋಡೆ ನಂಬುವ ಹಾಗಿಲ್ಲ ಅಂದರೆ ನೆಲದಿಂದಲೇ ಎರಡು ಕಂಬ ನಿಲ್ಲಿಸಿ ಅವಕ್ಕೆ ಪಟ್ಟಿ ಹೊಡೆಯಬಹುದು. ಭಾರ ನೆಲಕ್ಕೆ ಹೋಗುತ್ತೆ, ಗೋಡೆಗೆ ಬೀಳದ ಹಾಗೆ ಹಿಡಿದುಕೊಳ್ಳುವ ಕೆಲಸ ಮಾತ್ರ.

ವೈರ್‌ಮನ್

ಇಲ್ಲಿವರೆಗೂ ಎಲ್ಲರೂ ಮರದ ಬಗ್ಗೆಯೇ ಹೇಳಿದಿರಿ. ಬ್ಯಾಟರಿ, ಚಾರ್ಜರ್ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ.

ಡ್ರಿಲ್ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ ಚಾರ್ಜರ್ ಇಡುವುದು ಎಲ್ಲರೂ ಮಾಡುವ ಕ್ರಮ, ತಪ್ಪೇನಿಲ್ಲ. ಆದರೆ ಅದರ ಗಾಳಿಕಂಡಿ ಮುಚ್ಚಬಾರದು. ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಮುಚ್ಚಿದ ಬಾಗಿಲಿನ ಒಳಗೆ ಚಾರ್ಜಿಗೆ ಹಾಕಬೇಡಿ. ಥಿನ್ನರ್, ಪಾಲಿಶ್, ಬಣ್ಣ ಆ ಖಾನೆಯ ಹತ್ತಿರವೂ ಬೇಡ. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಉಂಡೆ ಮಾಡಿ ಯಾವ ಮೂಲೆಗೂ ತುರುಕಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತೆ. ಉಂಡೆಯೊಳಗೆ ಬಿಸಿ ಹೊರಗೆ ಹೋಗದೆ ಬೆಂಕಿ ಹತ್ತುತ್ತೆ, ಕಿಡಿಯೇ ಬೇಕಿಲ್ಲ. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಲಿಥಿಯಂ ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಶೀಟಿನ ಕೆಳಗೆ, ಬಿಸಿಲು ಬೀಳುವ ಕಿಟಕಿ ಪಕ್ಕ ಸ್ಟ್ಯಾಂಡ್ ಮಾಡಬೇಡಿ. ಬಹಳ ದಿನ ಮುಟ್ಟುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಇಡಿ. ಪೂರ್ತಿ ಚಾರ್ಜ್ ಮಾಡಿ ಬಿಸಿ ಜಾಗದಲ್ಲಿ ಇಟ್ಟರೆ ಬೇಗ ಸೊರಗುತ್ತೆ. ತೀರಾ ಚಳಿ ಜಾಗದವರಿಗೆ ಒಂದು ಮಾತು: 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಸೆಲ್ ಹಾಳಾಗುತ್ತೆ.

ಬಿಡಿ ಬ್ಯಾಟರಿಯನ್ನು ಸ್ಕ್ರೂ, ಮೊಳೆ ಇರುವ ಡ್ರಾಯರಿಗೆ ಹಾಕುವವರನ್ನು ನೋಡಿದ್ದೇನೆ. 18 ವೋಲ್ಟ್ ಅಂದರೆ 3.6 ವೋಲ್ಟಿನ ಐದು ಸೆಲ್ ಸಾಲಾಗಿ. ಎರಡು ಟರ್ಮಿನಲ್ ನಡುವೆ ಒಂದು ಮೊಳೆ ಸಿಕ್ಕಿದರೂ ಸಾಕು, ಮೊಳೆ ಕೆಂಪಗಾಗುತ್ತೆ. ಬ್ಯಾಟರಿಗೆ ಬೇರೆ ಖಾನೆ ಮಾಡಿ, ಟರ್ಮಿನಲ್ಲಿಗೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಹಾಕಿಡಿ.

ಚಾರ್ಜರುಗಳಿಗೆಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಹೊರಡುವಾಗ ಒಂದೇ ಸ್ವಿಚ್ ಆರಿಸುವ ಹಾಗಿರಲಿ. ಚಾರ್ಜರ್ ಎಳೆಯುವ ಕರೆಂಟ್ ಕಡಿಮೆ, ತೊಂದರೆ ಇಲ್ಲ. ಅದೇ ಬೋರ್ಡಿಗೆ ಸರ್ಕ್ಯುಲರ್ ಸಾ ಚುಚ್ಚಬೇಡಿ.

ಹೊಸಗೈ

ವೈರ್‌ಮನ್ ಅವರೇ, ವೈರ್ ಇರುವ ಟೂಲುಗಳ ವೈರನ್ನು ಏನು ಮಾಡಲಿ? ಈಗ ಟೂಲಿಗೇ ಬಿಗಿಯಾಗಿ ಸುತ್ತಿ ಇಡುತ್ತಿದ್ದೇನೆ.

ವೈರ್‌ಮನ್

ಅದು ಬೇಡ. ವೈರ್ ಟೂಲಿನಿಂದ ಹೊರಬರುವ ಜಾಗದಲ್ಲಿ ರಬ್ಬರಿನ ಬಾಲ ಇರುತ್ತಲ್ಲ, ಬಿಗಿಯಾಗಿ ಸುತ್ತಿದರೆ ಅಲ್ಲೇ ಮಡಿಚಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನಿಂದ ಏನೂ ಕಾಣಲ್ಲ. ಒಂದು ದಿನ ವೈರ್ ಅಲುಗಾಡಿಸಿದರೆ ಮಾತ್ರ ಮಷಿನ್ ಓಡುತ್ತೆ. ಆ ಬಾಲದಿಂದ ಒಂದು ಗೇಣು ಸಡಿಲ ಬಿಟ್ಟು, ಅಗಲವಾದ ಸುರುಳಿ ಮಾಡಿ, ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿ. ಪ್ರತಿ ಖಾನೆಯ ಪಕ್ಕ ಒಂದು ಮರದ ಗೂಟ ಹೊಡೆದು ಸುರುಳಿಯನ್ನು ಅದಕ್ಕೆ ನೇತುಹಾಕಿ. ಖಾನೆಯೊಳಗೆ ತುರುಕಿದರೆ ಮತ್ತೆ ಮೊದಲಿನ ಕಥೆಯೇ.

ಪುಡಿಮರ

ಹಳೆ ಬೀರು ಬಗ್ಗೆ ಯಾರೂ ಹೇಳಲಿಲ್ಲ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚಕ್ಕೆ, ಅಂಟು. ಅಂಚಿಗೆ ಹಾಕಿದ ಸ್ಕ್ರೂ ಎರಡು ಸಲ ಬಿಚ್ಚಿದರೆ ಹಿಡಿತ ಹೋಗುತ್ತೆ. ನೀರು ತಾಗಿದರೆ ಊದಿಕೊಳ್ಳುತ್ತೆ, ಮತ್ತೆ ಇಳಿಯಲ್ಲ. ಹಾಗಂತ ಎಸೆಯಬೇಡಿ. ಪೆಟ್ಟಿಗೆಯನ್ನು ಹಾಗೇ ಇಟ್ಟುಕೊಂಡು ಒಳಗಿನ ಹಲಗೆಗಳನ್ನು ಮಾತ್ರ ಪ್ಲೈಗೆ ಬದಲಾಯಿಸಿ. ಅಡಿಗೆ ರೀಪರ್ ಕೊಟ್ಟು ನೆಲದಿಂದ ಎತ್ತಿ. ಬಾಗಿಲಿನ ಬದಲು ಹಳೆ ದಪ್ಪ ಬಟ್ಟೆಯ ಪರದೆ ಸಾಕು. ಧೂಳು ತಡೆಯುತ್ತೆ, ಗಾಳಿಯೂ ಆಡುತ್ತೆ.

ಗಾಳಿ ಆಡುವುದು ಮುಖ್ಯ. ಗಟ್ಟಿಯಾಗಿ ಮುಚ್ಚುವ ಬಾಗಿಲು ಹಾಕಿದರೆ ಒಳಗಿನ ತೇವ ಒಳಗೇ ಉಳಿದು ಬಿಟ್‌ಗಳಿಗೆ, ಬ್ಲೇಡ್‌ಗಳಿಗೆ ತುಕ್ಕು ಹಿಡಿಯುತ್ತೆ. ಬೆನ್ನಿನ ಹಲಗೆಯಲ್ಲಿ ಮೇಲೆ ಒಂದೆರಡು, ಕೆಳಗೆ ಒಂದೆರಡು ತೂತು ಬಿಡಿ. ಬೀರುವನ್ನು ಗೋಡೆಗೆ ಒರಗಿಸದೆ ಎರಡು ಬೆರಳು ಸಂದು ಬಿಡಿ, ಮೇಲ್ತುದಿಯನ್ನು ಮಾತ್ರ ಒಂದು ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ಬಿಟ್‌ಗಳನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸಣ್ಣ ಡಬ್ಬಿಗೆ ಅದು ಸಾಕು, ಇಡೀ ಬೀರುವಿಗೆ ನಾಲ್ಕು ಪೊಟ್ಟಣ ಎಸೆದರೆ ಏನೂ ಪ್ರಯೋಜನ ಇಲ್ಲ.

ಮರ ಸಾಲದಿದ್ದರೆ ಪ್ಯಾಲೆಟ್ (ಸರಕು ಸಾಗಿಸುವ ಮರದ ಅಟ್ಟಣೆ) ಒಡೆಯಬಹುದು. ಕೊಳ್ಳುವ ಮೊದಲು ಮುದ್ರೆ ನೋಡಿ. ಐಎಸ್‌ಪಿಎಂ 15 ಅನ್ನುವ, ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ನಿಯಮ 2002ರಿಂದ ಇದೆ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿದ ಮರ. ಮರದ ನಡುಭಾಗವೂ 56 ಡಿಗ್ರಿಯಲ್ಲಿ 30 ನಿಮಿಷ ಇರುವ ಹಾಗೆ ಕಾಯಿಸಿರುತ್ತಾರೆ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಅದನ್ನು ಬಿಟ್ಟುಬಿಡಿ. ಒಡೆದ ಮರದಲ್ಲಿ ಮುರಿದ ಮೊಳೆ ಉಳಿದಿರುತ್ತೆ, ಸಾ ಹಾಕುವ ಮೊದಲು ಅಯಸ್ಕಾಂತ ಆಡಿಸಿ ನೋಡಿ.

ಹೊಸಗೈ

ಎಲ್ಲರಿಗೂ ಥ್ಯಾಂಕ್ಸ್. ಡ್ರಿಲ್ ಸ್ಟ್ಯಾಂಡ್ ಆಯ್ತು, ಚೆನ್ನಾಗಿ ಬಂದಿದೆ. ಬ್ಯಾಟರಿ ಡ್ರಿಲ್ ಎರಡು, ಇಂಪ್ಯಾಕ್ಟ್ ಡ್ರೈವರ್ ಒಂದು ಕೂತಿವೆ, ಒಂದು ಸೀಳು ಖಾಲಿ ಬಿಟ್ಟಿದ್ದೇನೆ. ಯಾಕೆ ಅಂತ ಮನೆಯವರು ಕೇಳಿದರು, ಉತ್ತರ ಹೇಳಿಲ್ಲ.

ಈಗ ಬೀರು ಹತ್ತಿರ ಬಂದಿದ್ದೇನೆ. ಒಳಗಿನ ಅಗಲ 90 ಸೆಂ.ಮೀ. 12 ಎಂಎಂ ಪ್ಲೈ ಹಲಗೆ ಹಾಕಿ ಸಾ, ಗ್ರೈಂಡರ್, ರೂಟರ್ ಇಟ್ಟರೆ ನಡುವೆ ಬಾಗುತ್ತಾ? 18 ಎಂಎಂ ಅಷ್ಟು ಅಗಲದ್ದು ನನ್ನ ಹತ್ತಿರ ಇಲ್ಲ.

ತೋಪಡ

ಬಾಗುತ್ತೆ. ಇವತ್ತಲ್ಲ, ನಿಧಾನಕ್ಕೆ. ಆದರೆ 18 ಎಂಎಂ ಕೊಳ್ಳಬೇಕಿಲ್ಲ.

ಲೆಕ್ಕ ಸುಲಭ. ಹಲಗೆಯ ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 12ರಿಂದ 18ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟು, ಬಾಗುವುದು ಸುಮಾರು 3.4 ಪಟ್ಟು ಕಡಿಮೆ. ಉದ್ದಕ್ಕೂ ಅದೇ ಲೆಕ್ಕ, ಉಲ್ಟಾ. ಅದೇ ಭಾರ, ಅದೇ 12 ಎಂಎಂ ಹಲಗೆ, ಆದರೆ ಆಸರೆಗಳ ನಡುವಿನ ಅಂತರ 90ರ ಬದಲು 60 ಸೆಂ.ಮೀ. ಆದರೆ ಆಗಲೂ 3.4 ಪಟ್ಟೇ ಕಡಿಮೆ. ನಿಮ್ಮ ಹತ್ತಿರ 12 ಎಂಎಂ ತುಂಡು ರಾಶಿ ಇದೆ ಅಂದಿರಲ್ಲ, ನಡುವೆ ಒಂದು ನಿಲುವು ಹಲಗೆ ನಿಲ್ಲಿಸಿಬಿಡಿ. 45 ಸೆಂ.ಮೀ.ನ ಎರಡು ಖಾನೆ ಆಗುತ್ತೆ, ಬಾಗುವ ಮಾತೇ ಇಲ್ಲ. ಸಾಗೆ ಒಂದು, ಉಳಿದವಕ್ಕೆ ಇನ್ನೊಂದು. ನಿಲುವು ಬೇಡ ಅಂದರೆ ಹಲಗೆಯ ಮುಂದಿನ ಅಂಚಿಗೆ 40 ಎಂಎಂ ಪಟ್ಟಿಯನ್ನು ನಿಲ್ಲಿಸಿ ಅಂಟು ಹಾಕಿ. ಅದು ಸಣ್ಣ ತೊಲೆಯ ಕೆಲಸ ಮಾಡುತ್ತೆ, ಟೂಲ್ ಜಾರಿ ಬೀಳದ ಹಾಗೆ ಅಡ್ಡವೂ ಆಗುತ್ತೆ.

ಅರ್ಧಇಂಚು

ಖಾನೆ ಆದ ಮೇಲೆ ಒಳಗೆ ಏನು ಹೇಗೆ ಕೂರಬೇಕು ಅನ್ನುವುದು ಇನ್ನೂ ಇದೆ.

ಸರ್ಕ್ಯುಲರ್ ಸಾ ತನ್ನ ತಳದ ಮೇಲೆ ನೆಟ್ಟಗೆ ಕೂರಬೇಕು. ಹಲಗೆಯಲ್ಲಿ ಬ್ಲೇಡಿಗೆ ಮತ್ತು ಗಾರ್ಡಿಗೆ ಅಂತ ಒಂದು ಉದ್ದ ಸೀಳು ತೆಗೆದುಬಿಡಿ. ಇಲ್ಲದಿದ್ದರೆ ಕೆಳಗಿನ ಗಾರ್ಡ್ ಒತ್ತಿ ಹಿಂದಕ್ಕೆ ಸರಿದು, ಸಾ ಇರುವಷ್ಟು ಹೊತ್ತೂ ಅದರ ಸ್ಪ್ರಿಂಗ್ ಎಳೆದೇ ಇರುತ್ತೆ. ಸೀಳಿನ ಅಡಿ ಯಾರ ಕೈಯೂ ಹೋಗದ ಹಾಗೆ ಒಂದು ತಗ್ಗಿನ ಪೆಟ್ಟಿಗೆ ಹೊಡೆಯಿರಿ, ಬಿದ್ದ ಪುಡಿಯೂ ಅದರಲ್ಲೇ ಕೂರುತ್ತೆ.

ಗ್ರೈಂಡರಿಗೆ 110 ಎಂಎಂ ಪಿವಿಸಿ ಪೈಪಿನ ತುಂಡು ಚೆನ್ನ. ಪೈಪಿನ ಒಂದು ಬದಿ ಗೇರ್ ತಲೆ ಹೋಗುವಷ್ಟು ಸೀಳಿ, ಬೆನ್ನಿಗೆ ಎರಡು ಸ್ಕ್ರೂ ಹಾಕಿ. ಬಾಲ ಕೆಳಗೆ, ತಲೆ ಮೇಲೆ. ಆದರೆ ಕಬ್ಬಿಣ ಕುಯ್ದ ತಕ್ಷಣ ಇಡಬೇಡಿ. ಡಿಸ್ಕ್, ತಲೆ ಎರಡೂ ಬಿಸಿ ಇರುತ್ತವೆ, ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಕಟಿಂಗ್ ಡಿಸ್ಕುಗಳನ್ನು ಗೂಟಕ್ಕೆ ನೇತುಹಾಕುವ ಬದಲು ಒಣ ಜಾಗದಲ್ಲಿ ಚಪ್ಪಟೆಯಾಗಿ ಮಲಗಿಸಿ. ನಡುವಿನ ಲೋಹದ ಬಳೆಯಲ್ಲಿ ತಿಂಗಳು, ವರ್ಷ ಕೊರೆದಿರುತ್ತೆ, ಅದು ಎಕ್ಸ್‌ಪೈರಿ. ಅಂಟು ತೇವ ಹೀರಿ ಸಡಿಲವಾಗುವುದರಿಂದ ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ ಮುಗಿಯುತ್ತೆ. ಡಿಸ್ಕ್ ಹೊಸದಾಗಿ ಕಂಡರೂ ದಿನಾಂಕ ದಾಟಿದ್ದನ್ನು ಮಷಿನ್ನಿಗೆ ಹಾಕಬೇಡಿ.

ರೂಟರ್ ಬಿಟ್ ಬಿಚ್ಚಿಯೇ ಇಡಿ. ಒಂದು ಮರದ ದಿಮ್ಮಿಗೆ ಸಾಲಾಗಿ ತೂತು ಹೊಡೆದು ನಿಲ್ಲಿಸಿ. 6 ಎಂಎಂ ಬಿಟ್ಟಿಗೆ 6.5 ತೂತು, 8ಕ್ಕೆ 8.5. ಸರಿಯಾಗಿ ಅಳತೆಗೇ ಹೊಡೆದರೆ ಮಳೆಗಾಲದಲ್ಲಿ ಮರ ಉಬ್ಬಿ ಬಿಟ್ ಹೊರಗೇ ಬರಲ್ಲ, ಎಳೆಯಲು ಹೋಗಿ ಬೆರಳು ಕುಯ್ಯುತ್ತೆ.

ರಜೆಕಾರ್ಪೆಂಟರ್

ಇದೆಲ್ಲ ಓದಿ ನನಗೂ ಆಸೆ ಬಂತು. ಡಬ್ಬಿಗಳನ್ನೇ ಒಂದರ ಮೇಲೊಂದು ಪೇರಿಸದೆ ಅಡ್ಡಡ್ಡ ಖಾನೆ ಮಾಡಿ ಪುಸ್ತಕದ ಹಾಗೆ ನಿಲ್ಲಿಸಿದರೆ? ಯಾವ ಡಬ್ಬಿ ಬೇಕೋ ಅದನ್ನೇ ಎಳೆಯಬಹುದಲ್ಲ.

ತೋಪಡ

ಭೇಷ್, ಮಾಡಿ. ಹಿಡಿ ನಿಮ್ಮ ಕಡೆ ಬರಲಿ. ಡಬ್ಬಿ ನಿಲ್ಲಿಸಿದಾಗ ಒಳಗೆ ಬಿಡಿ ಬಿಟ್, ಸ್ಕ್ರೂ ಇದ್ದರೆ ಎಲ್ಲ ಒಂದೇ ಮೂಲೆಗೆ ಸೇರುತ್ತವೆ, ಅವನ್ನು ಮೊದಲು ಸಣ್ಣ ಡಬ್ಬಿಗೆ ಹಾಕಿ. ಕೆಳಗೆ ಮೇಣ ಉಜ್ಜಿದ ಎರಡು ರೀಪರ್ ಕೊಟ್ಟರೆ ಚಾನೆಲ್ ಗೀನೆಲ್ ಏನೂ ಬೇಡ, ಸಲೀಸಾಗಿ ಜಾರುತ್ತೆ.

ಹೊಸಗೈ

ಕೊನೆಗೆ ಒಂದೇ ಪ್ರಶ್ನೆ. ಬೀರು ಅಡಿಗೆ ಗಾಲಿ ಹಾಕಬಹುದಾ? ಕಸ ಗುಡಿಸುವಾಗ ತಳ್ಳುವುದಕ್ಕೆ.

ಮೂಲೆಮಟ್ಟ

ಆ ಬೀರುವಿಗೆ ಬೇಡ. ಎತ್ತರ ಜಾಸ್ತಿ, ಅಡಿಯ ಅಗಲ ಕಡಿಮೆ. ತಳ್ಳುವಾಗ ಒಂದು ಗಾಲಿ ಸ್ಕ್ರೂಗೆ ಸಿಕ್ಕಿದರೂ ಮುಂದಕ್ಕೆ ಮಗುಚುತ್ತೆ, ಪಾರ್ಟಿಕಲ್ ಬೋರ್ಡಿನಲ್ಲಿ ಗಾಲಿಯ ಸ್ಕ್ರೂ ಕೂಡ ನಿಲ್ಲಲ್ಲ. ಪುಡಿಮರ ಹೇಳಿದ ಹಾಗೆ ಗೋಡೆಗೆ ಬಿಗಿದು ಅಲ್ಲೇ ಬಿಡಿ. ಗಾಲಿ ಬೇಕೇ ಬೇಕು ಅಂದರೆ ಸೊಂಟದೆತ್ತರದ ಗಾಡಿ ಬೇರೆ ಮಾಡಿ. ತೂಕದ್ದೆಲ್ಲ ಅಡಿಯ ಖಾನೆಗೆ, ನಾಲ್ಕರಲ್ಲಿ ಎರಡು ಗಾಲಿಗಾದರೂ ಬ್ರೇಕ್ ಇರಲಿ. ಅಡಿ ಹಲಗೆಗೆ ನಿಮ್ಮ ಹತ್ತಿರ ಇರುವ 18 ಎಂಎಂ ತುಂಡು ಸಾಕು. ಅಳತೆ ಹಾಕಿ, ಕುಯ್ಯುವ ಪಟ್ಟಿ ನಾನು ಬರೆದು ಕೊಡುತ್ತೇನೆ.